ಹಾರ ಹಾಕುವಾಗ ಒಂದು, ದೂರು ಬಂದಾಗ ಎರಡು

“ಕೃತಿ ಬೇರೆ, ಕರ್ತೃ ಬೇರೆ” ಎಂಬ ಮಾತು ನಮ್ಮ ಸಾಹಿತ್ಯವಲಯದಲ್ಲಿ ಮಂತ್ರದ ಪದವಿಗೇರಿದೆ. ಯಾರೋ ಒಬ್ಬ ಲೇಖಕರ ನಡತೆಯ ಬಗೆಗೆ ಅಹಿತವಾದ ಸಂಗತಿಯೊಂದು ಹೊರಬಿದ್ದರೆ ಸಾಕು, ಅವರ ಅಭಿಮಾನಿಗಳು ಜಪಮಣಿ ಹಿಡಿದು ಕೂತುಬಿಡುತ್ತಾರೆ. ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಅದನ್ನು ಆಡುವ ಬಾಯಿ ಯಾವುದು, ಆಡುವ ವೇಳೆ ಯಾವುದು ಎಂಬುದನ್ನು ಸ್ವಲ್ಪ ನೋಡಬೇಕೆಂದಷ್ಟೇ ನನ್ನ ಆಗ್ರಹ. ಇದೇ ಮಹನೀಯರು ಅದೇ ಲೇಖಕರ ಅರವತ್ತರ ಸಂಭ್ರಮಕ್ಕೆ ಅಭಿನಂದನ ಗ್ರಂಥ ತಂದಿರುತ್ತಾರೆ. ಅದರ ಪುಟ ತಿರುವಿ ನೋಡಿ: ಬಾಳೂ ಬರಹವೂ ಬೇರೆಯಾಗದವರು, ನುಡಿದಂತೆ ನಡೆದವರು, ಋಷಿಸದೃಶರು, ಮೇರುಸಮಾನರು! ಶಾಲು ಹೊದಿಸಿ, ಪೇಟ ತೊಡಿಸಿ, ಗಂಧದ ಹಾರ ಹಾಕಿ, ಫಲತಾಂಬೂಲದ ತಟ್ಟೆಯನ್ನು ಕೈಗಿಡುವಾಗ ಕೃತಿಯೂ ಕರ್ತೃವೂ ಒಂದೇ; ದೂರು ಬಂದ ಮರುದಿನ ಎರಡು. ಅದ್ವೈತವೂ ದ್ವೈತವೂ ಹೀಗೆ ಅನುಕೂಲಕ್ಕೆ ತಕ್ಕಂತೆ ಒದಗಿಬರುವ ಮತ ಬೇರೊಂದಿರಲಾರದು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಗುಂಪಿದೆ. ಲೇಖಕ ಕೆಟ್ಟವನೆಂದು ತಿಳಿದ ಕೂಡಲೇ ಪುಸ್ತಕವನ್ನು ಕಪಾಟಿನಿಂದ ಇಳಿಸಬೇಕು, ಪಠ್ಯದಿಂದ ಕಿತ್ತುಹಾಕಬೇಕು, ಹಿಂದೊಮ್ಮೆ ಓದಿ ಮೆಚ್ಚಿದ್ದನ್ನೂ ಮೆಚ್ಚಲಿಲ್ಲವೆಂದು ಹೇಳಬೇಕು ಎಂಬುದು ಇವರ ಪಂಥ. ಮೇಲ್ನೋಟಕ್ಕೆ ಹಾವು ಮುಂಗುಸಿಗಳಂತೆ ಕಾಣುವ ಈ ಎರಡು ಗುಂಪುಗಳೂ ಒಂದೇ ಬಳ್ಳಿಯ ಕಾಯಿಗಳು. ಓದುವುದೆಂದರೆ ಲೇಖಕನಿಗೆ ಸನ್ಮಾನ ಮಾಡುವುದೆಂದು ಇಬ್ಬರೂ ನಂಬಿದ್ದಾರೆ. ಒಬ್ಬರು ಸನ್ಮಾನ ತಪ್ಪದಿರಲೆಂದು ನಡತೆಯನ್ನು ಮುಚ್ಚಿಡುತ್ತಾರೆ. ಇನ್ನೊಬ್ಬರು ಸನ್ಮಾನ ಸಲ್ಲದೆಂದು ಪುಸ್ತಕವನ್ನೇ ಮುಚ್ಚಿಡುತ್ತಾರೆ. ನಾವು ಬೇರ್ಪಡಿಸಬೇಕಾದದ್ದು ಓದನ್ನೂ ಸನ್ಮಾನವನ್ನೂ. ಅದನ್ನು ಮಾತ್ರ ಯಾರೂ ಮಾಡುತ್ತಿಲ್ಲ.

ಹಾಸನ ಸೀಮೆಯಲ್ಲಿ ಕನ್ನಡ ಪಾಠ ಹೇಳುವ ನನ್ನಂಥವನಿಗೆ ಇದು ದೂರದ ಬೆಟ್ಟವಲ್ಲ. ನಮ್ಮ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿ, 2025ರ ಸೆಪ್ಟೆಂಬರ್ 24ರಂದು ಕಣ್ಮುಚ್ಚಿದ ಎಸ್.ಎಲ್. ಭೈರಪ್ಪನವರನ್ನೇ ತೆಗೆದುಕೊಳ್ಳಿ. 2007ರಲ್ಲಿ ‘ಆವರಣ’ ಹೊರಬಂದ ಮೇಲೆ, ಅವರ ಸಾರ್ವಜನಿಕ ನಿಲುವುಗಳಿಂದ ಕೆರಳಿ, 1970ರಲ್ಲಿ ಬಂದ ‘ಗೃಹಭಂಗ’ವನ್ನೂ ಇನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದ ಓದುಗರನ್ನು ನಾನು ಬಲ್ಲೆ. ಮೂವತ್ತೇಳು ವರ್ಷ ಹಿಂದಕ್ಕೆ ನಡೆದುಹೋಗಿ ಹಿಡಿಯುವ ಮೈಲಿಗೆ ಇದು! ಎದುರು ಪಕ್ಷದವರಾದರೂ ಕಡಿಮೆಯೇ? 2013ರಲ್ಲಿ ಯು.ಆರ್. ಅನಂತಮೂರ್ತಿಯವರು, ನರೇಂದ್ರ ಮೋದಿಯವರು ಪ್ರಧಾನಿಯಾದ ದೇಶದಲ್ಲಿ ತಾವು ಇರಬಯಸುವುದಿಲ್ಲವೆಂದರು. ಅದು ಭಾವಾವೇಶದ ಮಾತೆಂದು ಆಮೇಲೆ ತಾವೇ ಹೇಳಿದರು. 2014ರ ಆಗಸ್ಟ್ 22ರಂದು ಅವರು ತೀರಿಕೊಂಡಾಗ ಮಂಗಳೂರಿನಲ್ಲೂ ನಮ್ಮ ಪಕ್ಕದ ಚಿಕ್ಕಮಗಳೂರಿನಲ್ಲೂ ಪಟಾಕಿ ಹಚ್ಚಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. ಅವರ ‘ಸಂಸ್ಕಾರ’ದ ವಸ್ತುವಾದರೂ ಏನು? ನಡತೆಗೆಟ್ಟವನೆನಿಸಿಕೊಂಡ ನಾರಣಪ್ಪ ಸತ್ತಿದ್ದಾನೆ. ಅವನ ಹೆಣಕ್ಕೆ ಸಂಸ್ಕಾರ ಸಲ್ಲುವುದೋ ಸಲ್ಲದೋ ಎಂದು ಅಗ್ರಹಾರವೆಲ್ಲ ತರ್ಕ ಹೂಡಿದೆ. ಅಷ್ಟರಲ್ಲಿ ಹೆಣ ನಾರುತ್ತಿದೆ. ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿಟ್ಟ ಗಳಿಗೆಯಲ್ಲಿ ಕೆಲವರ ಧರ್ಮಸೂಕ್ಷ್ಮ ಹೇಗೆ ಮೆತ್ತಗಾಗುತ್ತದೆ ಎಂಬುದನ್ನು ಓದಿದವರಿಗೆ ನಮ್ಮ ಸನ್ಮಾನ ಸಮಿತಿಗಳ ನಡಾವಳಿ ಹೊಸದಾಗಿ ತೋರುವುದಿಲ್ಲ. ಪಟಾಕಿ ಹಚ್ಚಿದವರು ಆ ಕಾದಂಬರಿಯನ್ನು ಓದಿದ್ದರೋ ಇಲ್ಲವೋ. ಓದಿದ್ದರೆ ತಾವು ಅದರೊಳಗಿನ ಯಾವ ಪಾತ್ರವಾಗಿದ್ದೇವೆಂದು ಕೈಗೆ ಬೆಂಕಿಪೊಟ್ಟಣ ತೆಗೆದುಕೊಳ್ಳುವ ಮೊದಲೇ ತಿಳಿಯುತ್ತಿತ್ತು.

ಇಲ್ಲಿ ಒಂದು ವಿವೇಚನೆ ಅವಶ್ಯ. ಮೇಲಿನ ಎರಡು ಪ್ರಸಂಗಗಳೂ ಅಭಿಪ್ರಾಯಕ್ಕೆ ಸೇರಿದವು. ‘ಆವರಣ’ದ ವಾದ ‘ಆವರಣ’ದ ಒಳಗೇ ಇದೆ, ಅದನ್ನು ಅಲ್ಲಿಯೇ ಎದುರಿಸಬಹುದು, ಪಾತ್ರಗಳನ್ನು ವಾದದ ಗೂಟಕ್ಕೆ ಕಟ್ಟಿಹಾಕಲಾಗಿದೆ ಎಂದು ಆಕ್ಷೇಪಿಸಬಹುದು. ನನ್ನ ಆಕ್ಷೇಪವೂ ಅದೇ. ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಕೈಯಾರೆ ಮಾಡಿದ ಅನ್ಯಾಯದ ಜಾತಿಯೇ ಬೇರೆ. ಅಲ್ಲಿ ನೊಂದ ಜೀವವೊಂದು ಇರುತ್ತದೆ. ಮನೆಯಲ್ಲೋ, ಕಛೇರಿಯಲ್ಲೋ, ಗುರುವಿನ ಕೋಣೆಯಲ್ಲೋ ಬಾಯಿಮುಚ್ಚಿಕೊಂಡು ಕುಳಿತಿರುತ್ತದೆ. ಅಭಿಪ್ರಾಯಭೇದವನ್ನು ದುರ್ನಡತೆಯೆಂದು ಕರೆದು ಪುಸ್ತಕದ ಮೇಲೆ ಶೌರ್ಯ ತೋರಿಸುವ ನಮ್ಮ ಜನ, ನಿಜವಾದ ದುರ್ನಡತೆ ಎದುರಿಗೆ ಬಂದು ನಿಂತಾಗ “ಕೃತಿ ಬೇರೆ ಸ್ವಾಮಿ” ಎಂದು ಮೆಲುದನಿಯಲ್ಲಿ ಪಕ್ಕಕ್ಕೆ ಸರಿಯುತ್ತಾರೆ.

‘ಗೃಹಭಂಗ’ವನ್ನು ಬಿಟ್ಟವರು ಏನನ್ನು ಬಿಟ್ಟರು? ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಸಂಸಾರ ಹೊರುವ ನಂಜಮ್ಮನನ್ನು. ನಮ್ಮೂರ ದೇವರ ಹೆಸರನ್ನು ಹೊತ್ತೂ ಉಂಡು ಮಲಗುವುದೊಂದೇ ಪುರುಷಾರ್ಥವೆಂದು ತಿಳಿದ ಆಕೆಯ ಗಂಡ ಚೆನ್ನಿಗರಾಯನನ್ನು. ಬಾಯಿಗೆ ಬೇಲಿಯೇ ಇಲ್ಲದ ಅತ್ತೆ ಗಂಗಮ್ಮನನ್ನು. ಪ್ಲೇಗು ಹೊಕ್ಕ ಊರನ್ನು, ಅದು ಬರಿದು ಮಾಡಿದ ತಾಯಿಯ ಮಡಿಲನ್ನು. ತರಗತಿಯಲ್ಲಿ ಇದರ ಭಾಗಗಳನ್ನು ಓದಿಸಿದಾಗ ಜಾವಗಲ್ಲು, ಬಾಣಾವರದ ಕಡೆಯಿಂದ ಬರುವ ಹೆಣ್ಣುಮಕ್ಕಳು ತಲೆಯೆತ್ತುತ್ತಾರೆ. ಗಂಗಮ್ಮನ ಬೈಗುಳ ಅವರ ಅಜ್ಜಿಯರ ಬಾಯಲ್ಲಿ ಕೇಳಿದ್ದೇ. ಕಾದಂಬರಿಕಾರರು ಯಾವುದೋ ಸಭೆಯಲ್ಲಿ ಆಡಿದ ಮಾತಿಗಾಗಿ ಈ ಹುಡುಗಿಯರಿಂದ ನಂಜಮ್ಮನನ್ನು ಕಸಿದುಕೊಂಡರೆ ಶಿಕ್ಷೆ ಯಾರಿಗೆ ಆದಂತಾಯಿತು? ಬರೆದವರು ಈಗ ಶಿಕ್ಷೆಗೂ ಸನ್ಮಾನಕ್ಕೂ ದೂರ.

ಇಷ್ಟರಿಂದ ನನ್ನನ್ನು ಮೊದಲ ಗುಂಪಿನವರು ತಮ್ಮವನೆಂದು ಎಣಿಸಿಕೊಳ್ಳಬಾರದು. ಏಕೆಂದರೆ ಕನ್ನಡದಲ್ಲಿ ಹೆಚ್ಚು ಕೇಡು ಮಾಡಿರುವ ಮಾತು ಬೇರೊಂದಿದೆ: “ಅಂಥ ಕಾದಂಬರಿ ಬರೆದವರು ಹೀಗೆ ಮಾಡಿಯಾರೇ?” ಹೆಣ್ಣಿನ ಸಂಕಟವನ್ನು ಅಷ್ಟು ಚೆನ್ನಾಗಿ ಚಿತ್ರಿಸಿದವರು ಹೆಣ್ಣಿಗೆ ಸಂಕಟ ಕೊಟ್ಟಾರೇ? ದೂರು ಹೇಳಲು ಬಂದವಳ ಮುಂದೆ ಕಾದಂಬರಿಯನ್ನೇ ಸಾಕ್ಷಿಯಾಗಿ ಎತ್ತಿಹಿಡಿಯುತ್ತೇವೆ. ಕರುಣೆಯನ್ನು ಬರೆಯಲು ಬೇಕಾದದ್ದು ಕರುಣೆಯ ತಿಳಿವಳಿಕೆ. ಹೊಡೆಯುವವನಿಗೂ ನೋವಿನ ತಿಳಿವಳಿಕೆ ಇರುತ್ತದೆ, ಕೆಲವೊಮ್ಮೆ ಹೊಡೆಸಿಕೊಂಡವಳಿಗಿಂತ ನಿಖರವಾಗಿ. ಇದರ ತಲೆಕೆಳಗಾದ ತರ್ಕವನ್ನೂ ಕನ್ನಡ ಕಂಡಿದೆ. 1950ರ ದಶಕದ ಆರಂಭದಲ್ಲಿ ಅ.ನ. ಕೃಷ್ಣರಾಯರು ವೇಶ್ಯಾಜೀವನವನ್ನು ಕುರಿತು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ಗಳನ್ನು ಬರೆದಾಗ ಅಶ್ಲೀಲದ ಕೂಗೆದ್ದಿತು, ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕ ಬರೆದು ಉತ್ತರ ಹೇಳಬೇಕಾಯಿತು. ವಸ್ತು ಮೈಲಿಗೆಯದಾದರೆ ಬರೆದವನೂ ಮೈಲಿಗೆ ಎನ್ನುವುದು ಒಂದು ಮೌಢ್ಯ; ವಸ್ತು ಮಡಿಯದಾದರೆ ಬರೆದವನೂ ಮಡಿ ಎನ್ನುವುದು ಅದರ ಒಡಹುಟ್ಟಿದ್ದು. ನಾವು ಮೊದಲನೆಯದನ್ನು ನಗುತ್ತ ಬಿಟ್ಟಿದ್ದೇವೆ, ಎರಡನೆಯದನ್ನು ಸಭೆಗಳಲ್ಲಿ ಸಾಕುತ್ತಿದ್ದೇವೆ.

ಸ್ವಾರಸ್ಯವೇನೆಂದರೆ ಈ ಸಮಸ್ಯೆಯನ್ನು ಕನ್ನಡದಲ್ಲಿ ಅತ್ಯಂತ ನಿಷ್ಠುರವಾಗಿ ಎತ್ತಿದವರು ಭೈರಪ್ಪನವರೇ. 2001ರ ‘ಮಂದ್ರ’ದ ಮೋಹನಲಾಲ ಸಂಗೀತದಲ್ಲಿ ಶಿಖರ, ಸಂಸಾರದಲ್ಲಿ ಪ್ರಪಾತ. ಅವನ ಸ್ವರ ಸತ್ಯ. ಶಿಷ್ಯೆಯರೊಡನೆ ಅವನು ನಡೆದುಕೊಳ್ಳುವ ರೀತಿಯೂ ಅಷ್ಟೇ ಸತ್ಯ. ಒಂದು ಇನ್ನೊಂದನ್ನು ಕ್ಷಮಿಸುವುದಿಲ್ಲ, ಅಳಿಸುವುದೂ ಇಲ್ಲ. 2010ರ ಸರಸ್ವತಿ ಸಮ್ಮಾನ ಪಡೆದ ಈ ಕಾದಂಬರಿಯನ್ನು ಕೊಂಡಾಡಿದ ನೂರು ಭಾಷಣಗಳಲ್ಲಿ, ನಮ್ಮ ನಡುವಿನ ಮೋಹನಲಾಲರಿಗೆ ನಾವೇನು ಮಾಡುತ್ತೇವೆ ಎಂದು ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಮಾಡುವುದು ಗೊತ್ತೇ ಇದೆ: ವೇದಿಕೆಯ ಮಧ್ಯದ ಕುರ್ಚಿ ಕೊಡುತ್ತೇವೆ.

ಇನ್ನೂ ಹಿಂದಕ್ಕೆ ಹೋಗಬಹುದು. ಬೇಲೂರಿನಿಂದ ಹದಿನಾರು ಕಿಲೋಮೀಟರು ಆಚೆ ಹಳೇಬೀಡು, ಅಂದಿನ ದೋರಸಮುದ್ರ. ಅಲ್ಲಿಂದ ಆಳಿದ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡ ಜನ್ನ ‘ಯಶೋಧರ ಚರಿತೆ’ಯನ್ನು ಮುಗಿಸಿದ್ದು 1209ರಲ್ಲಿ. ರಾಣಿ ಅಮೃತಮತಿ ಅರಸನ ಪಕ್ಕದಲ್ಲಿ ಮಲಗಿರುವಾಗ ಆನೆಯ ಲಾಯದಿಂದ ಮಾವುತನ ಹಾಡು ತೇಲಿಬರುತ್ತದೆ. ಅವಳ ಮನಸ್ಸು ಆ ಗಳಿಗೆಯಲ್ಲೇ ಮಾರಿಹೋಗುತ್ತದೆ. ನೋಡಿಬರಲು ಹೋದ ಕೆಳದಿ ಅವನ ವಿಕಾರವಾದ ರೂಪವನ್ನು ಕಂಡು ಹೇಸಿ ಹಿಂದಿರುಗುತ್ತಾಳೆ. ರಾಣಿ ಕೇಳುವುದಿಲ್ಲ. ಒಂದು ರಾತ್ರಿ ಬರುವುದು ತಡವಾಯಿತೆಂದು ಅವನು ಅವಳ ಕೂದಲು ಹಿಡಿದೆಳೆದು ಬಡಿಯುತ್ತಾನೆ. ಅವಳು ಕಾಲಿಗೆ ಬೀಳುತ್ತಾಳೆ. ಗಂಡ ಮರೆಯಲ್ಲಿ ನಿಂತು ನೋಡುತ್ತಾನೆ. ಅಮೃತಮತಿಯ ಪರವಾಗಿ ವಾದಿಸಿದ ವಿಮರ್ಶಕರು ನಮ್ಮಲ್ಲಿದ್ದಾರೆ, ಆ ಚರ್ಚೆ ಇಲ್ಲಿ ಬೇಡ. ನಾನು ಹೇಳಹೊರಟದ್ದು, ಹಾಡು ಚೆನ್ನಾಗಿರಲಿಲ್ಲವೆಂದು ಜನ್ನ ಎಲ್ಲಿಯೂ ಹೇಳುವುದಿಲ್ಲ ಎಂಬುದನ್ನು. ಅಪರಾತ್ರಿಯಲ್ಲಿ ಬಂದ ಆ ಹಾಡು ಕೊನೆಯವರೆಗೂ ಇಂಪೇ. ಹಾಡಿಗೆ ಕಿವಿ ಕೊಟ್ಟವಳು ಹಾಡಿದವನಿಗೆ ತನ್ನನ್ನೇ ಕೊಟ್ಟುಕೊಂಡಳು; ಆ ಕೊಡುಗೆಯನ್ನು ಹಾಡು ಕೇಳಿರಲಿಲ್ಲ. ಕೆಳದಿಯಾದರೋ ಮುಖ ಕಂಡೊಡನೆ ಹಾಡನ್ನು ಮರೆತಳು. ನಮ್ಮ ಅಭಿಮಾನಿ ಸಂಘಗಳಲ್ಲಿ ಅಮೃತಮತಿಯರೂ ಬಹಿಷ್ಕಾರದ ಸಂಘಗಳಲ್ಲಿ ಕೆಳದಿಯರೂ ತುಂಬಿದ್ದಾರೆ.

ವಾಲ್ಮೀಕಿ ಬೇಡನಾಗಿದ್ದು ದಾರಿಹೋಕರನ್ನು ದೋಚುತ್ತಿದ್ದನೆಂಬ ಕಥೆಯನ್ನು ಇಂಥ ಸಂದರ್ಭದಲ್ಲಿ ಉದಾಹರಿಸುವ ರೂಢಿಯಿದೆ. ಅದು ಉಪಯೋಗಕ್ಕೆ ಬಾರದು. ಆ ಕಥೆಯಲ್ಲಿ ಪಾಪ ಮೊದಲು, ಕಾವ್ಯ ಆಮೇಲೆ. ನಡುವೆ ಹುತ್ತವೊಂದು ಬೆಳೆದು ಎಲ್ಲವನ್ನೂ ಶುದ್ಧ ಮಾಡುತ್ತದೆ. ನಮ್ಮ ಕಾಲದ ಲೇಖಕರ ಜೀವನದಲ್ಲಿ ಹುತ್ತ ಬೆಳೆಯುವುದಿಲ್ಲ. ಬೆಳಗ್ಗೆ ಬರೆದ ಕೈ ಸಂಜೆ ಮಾಡಬಾರದ್ದನ್ನು ಮಾಡುತ್ತದೆ, ಮರುದಿನ ಬೆಳಗ್ಗೆ ಮತ್ತೆ ಚೆನ್ನಾಗಿಯೇ ಬರೆಯುತ್ತದೆ.

ಕೆನಡಾದ ಆಲಿಸ್ ಮನ್ರೋ 2013ರಲ್ಲಿ ನೊಬೆಲ್ ಪಡೆದ ಕಥೆಗಾರ್ತಿ. 2024ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಜುಲೈಯಲ್ಲಿ ಅವರ ಕಿರಿಯ ಮಗಳು ಆಂಡ್ರಿಯಾ ರಾಬಿನ್ ಸ್ಕಿನ್ನರ್ ಟೊರಾಂಟೋದ ಪತ್ರಿಕೆಯೊಂದರಲ್ಲಿ ಬರೆದರು. 1976ರಲ್ಲಿ, ತನಗೆ ಒಂಬತ್ತು ವರ್ಷವಾಗಿದ್ದಾಗ, ಮಲತಂದೆ ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ. 1992ರಲ್ಲಿ ತಾಯಿಗೆ ಕಾಗದ ಬರೆದು ತಿಳಿಸಿದೆ. ತಾಯಿ ಅವನೊಡನೆಯೇ ಉಳಿದಳು. 2005ರಲ್ಲಿ ಆತ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿದ್ದ. ಆದರೂ ಹತ್ತೊಂಬತ್ತು ವರ್ಷ ಹೊರಗೆ ಸದ್ದಿಲ್ಲ. ಮನ್ರೋ ಅವರ ಜೀವನಚರಿತ್ರೆ ಬರೆದವರಿಗೂ ಸಂಗತಿ ಗೊತ್ತಿತ್ತು. ಪುಸ್ತಕದಲ್ಲಿ ಅದು ಬರಲಿಲ್ಲ. ಇಷ್ಟು ಜನರ ಬಾಯಿಗೆ ಬೀಗ ಹಾಕಿದ್ದು ಕಥೆಗಳಲ್ಲ. ಕಥೆಗಾರ್ತಿಯ ಸುತ್ತ ಕಟ್ಟಿದ ಗುಡಿ ಆ ಕೆಲಸ ಮಾಡಿತು. ಮೂರ್ತಿಗೆ ಮುಕ್ಕಾದೀತೆಂಬ ಭಯದಲ್ಲಿ ಮಗುವೊಂದರ ಮಾತನ್ನು ಗರ್ಭಗುಡಿಯಲ್ಲಿ ಹೂತರು.

ಇಷ್ಟಾದ ಮೇಲೆ ಮನ್ರೋ ಅವರನ್ನು ಓದುವುದೇ? ಓದಬೇಕೆಂದೇ ನನ್ನ ಉತ್ತರ. 1994ರ ಸಂಕಲನವೊಂದರಲ್ಲಿ ‘ವ್ಯಾಂಡಲ್ಸ್’ ಎಂಬ ಕಥೆಯಿದೆ. ಮಕ್ಕಳಿಗೆ ಕೇಡು ಮಾಡಿದ ಗಂಡಸು, ಕಂಡೂ ಕಾಣದಂತಿದ್ದ ಅವನ ಸಂಗಾತಿ, ದೊಡ್ಡವಳಾಗಿ ಬಂದು ಆ ಮನೆಯನ್ನು ಧ್ವಂಸ ಮಾಡುವ ಹುಡುಗಿ. ಅದನ್ನು ಹಿಂದೆ ಓದಿದ್ದವರಿಗೆ ಈಗ ಅದೇ ರುಚಿ ಉಳಿಯದು. ಉಳಿಯಬೇಕೆಂದು ಹಟ ಹಿಡಿಯುವವರು ರಸಿಕರಲ್ಲ, ಕಿವುಡರು. ಆದರೆ ಬದಲಾದ ರುಚಿಯೂ ಒಂದು ರುಚಿ. ತಿಳಿದೂ ಸುಮ್ಮನಿದ್ದವಳ ಒಳಗನ್ನು ತಿಳಿದೂ ಸುಮ್ಮನಿದ್ದವಳೇ ಬರೆದಿದ್ದಾಳೆ. ಅದನ್ನು ಮುಚ್ಚಿಟ್ಟರೆ ಆ ಅಪರಾಧದ ಬಗೆಗೆ ನಮಗಿರುವ ಅತಿ ಸಮೀಪದ ಸಾಕ್ಷ್ಯವೊಂದನ್ನು ನಾವೇ ಸುಟ್ಟಂತೆ. ಯಾರಿಗೆ ಓದಲಾರದಷ್ಟು ಹೇವರಿಕೆಯಾಗುತ್ತದೋ ಅವರು ಓದದಿರಲಿ. ಅಂಥ ಅನುಭವವನ್ನು ತಾನೇ ಹಾದುಬಂದ ಓದುಗಳಿಗೆ “ಕಲೆ ಕಲೆಯೇ ತಾಯಿ, ಓದು” ಎಂದು ಉಪದೇಶ ಮಾಡುವ ಅಧಿಕಾರ ಯಾವ ಅಧ್ಯಾಪಕನಿಗೂ ಇಲ್ಲ.

ಓದನ್ನೂ ಸನ್ಮಾನವನ್ನೂ ಬಿಡಿಸಿ ನೋಡಿದ ಕನ್ನಡಿಗರೊಬ್ಬರ ನಿದರ್ಶನ ನನಗೆ ನೆನಪಿದೆ. 2012ರಲ್ಲಿ ಮುಂಬಯಿಯ ಸಾಹಿತ್ಯೋತ್ಸವವೊಂದು ವಿ.ಎಸ್. ನೈಪಾಲರಿಗೆ ಜೀವಮಾನ ಸಾಧನೆಯ ಗೌರವ ಕೊಟ್ಟಿತು. ಅಲ್ಲಿ ತಮ್ಮ ರಂಗಭೂಮಿಯ ಬಗೆಗೆ ಮಾತನಾಡಬೇಕಿದ್ದ ಗಿರೀಶ ಕಾರ್ನಾಡರು ಅದನ್ನು ಪಕ್ಕಕ್ಕಿಟ್ಟು, ಭಾರತದ ಮುಸ್ಲಿಮರ ಬಗೆಗೆ ನೈಪಾಲರು ಬರೆದದ್ದನ್ನು ಎತ್ತಿ, ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹೇಗೆ ಗೌರವಿಸಿದಿರಿ ಎಂದು ಗೌರವ ಕೊಟ್ಟವರನ್ನೇ ಕೇಳಿದರು. ಅತಿಥಿಗೆ ಅವಮಾನವೆಂದು ಹಲವರು ಮುನಿದರು. ಅದೂ ಅಭಿಪ್ರಾಯದ ಪ್ರಶ್ನೆಯೇ, ಹೌದು. ಹೆಂಡತಿಯನ್ನೂ ಪ್ರೇಯಸಿಯನ್ನೂ ನೈಪಾಲರು ನಡೆಸಿಕೊಂಡ ಕ್ರೂರ ರೀತಿ 2008ರ ಅವರ ಅಧಿಕೃತ ಜೀವನಚರಿತ್ರೆಯಲ್ಲೇ ದಾಖಲಾಗಿದ್ದರೂ ಆ ಮಾತು ಅಲ್ಲಿ ಮುಖ್ಯವಾಗಲಿಲ್ಲ. ಆದರೆ ಕಾರ್ನಾಡರು ಬಾಣ ಬಿಟ್ಟ ದಿಕ್ಕು ಸರಿಯಾಗಿತ್ತು. ಅವರು ಕಪಾಟಿನತ್ತ ಕೈ ತೋರಿಸಲಿಲ್ಲ, ವೇದಿಕೆಯತ್ತ ತೋರಿಸಿದರು. ನಾರ್ವೆಯವರು ಇದನ್ನು ಇನ್ನೂ ಮೊದಲೇ ಕಲಿತಿದ್ದರು. 1920ರ ನೊಬೆಲ್ ಪಡೆದ ಕ್ನೂಟ್ ಹ್ಯಾಮ್ಸನ್ ತನ್ನ ಪದಕವನ್ನು 1943ರಲ್ಲಿ ಗೊಬೆಲ್ಸನಿಗೆ ಕೊಟ್ಟ. 1945ರಲ್ಲಿ ಹಿಟ್ಲರನನ್ನು ಹೊಗಳಿ ಚರಮಲೇಖ ಬರೆದ. ಯುದ್ಧ ಮುಗಿದ ಮೇಲೆ ನ್ಯಾಯಾಲಯ ಅವನಿಗೆ ಭಾರೀ ದಂಡ ವಿಧಿಸಿತು. ‘ಹಸಿವು’ ಕಾದಂಬರಿಯನ್ನು ಆ ದೇಶ ಇಂದಿಗೂ ಓದುತ್ತದೆ. ಅವನ ಹೆಸರನ್ನು ಬೀದಿಗಿಡುವ ಮಾತು ಬಂದಾಗ ಮಾತ್ರ ಜಗಳವಾಗುತ್ತದೆ. ಅದು ಆರೋಗ್ಯದ ಲಕ್ಷಣ.

ಬದುಕಿರುವ ಲೇಖಕನ ಪುಸ್ತಕ ಕೊಂಡರೆ ಅವನಿಗೆ ಗೌರವಧನ ಹೋಗುತ್ತದಲ್ಲ ಎಂಬ ಪ್ರಶ್ನೆಗೆ ನನ್ನ ಉತ್ತರ ಸರಳ. ಹಣ ನಿಮ್ಮದು, ಕೊಡಲು ಮನಸ್ಸಿಲ್ಲದಿದ್ದರೆ ಗ್ರಂಥಾಲಯದಿಂದ ತಂದು ಓದಿ. ತನ್ನ ಕೀರ್ತಿಯನ್ನೇ ಬೇಟೆಯ ಬಲೆ ಮಾಡಿಕೊಂಡವನಿಗೆ ಕಮ್ಮಟದ ನಿರ್ದೇಶಕನ ಪದವಿಯನ್ನೂ ಎಳೆಯ ಬರಹಗಾರ್ತಿಯರ ಹಸ್ತಪ್ರತಿಗಳನ್ನೂ ಒಪ್ಪಿಸದಿರುವುದಂತೂ ಸಾಹಿತ್ಯ ವಿಮರ್ಶೆಗೆ ಸೇರಿದ ವಿಷಯವೇ ಅಲ್ಲ, ಕನಿಷ್ಠ ಎಚ್ಚರಿಕೆ.

ನಮ್ಮೂರಿನ ಮಿತ್ರರೊಬ್ಬರು ಇದಕ್ಕೆಲ್ಲ ದೇವಸ್ಥಾನವನ್ನು ತೋರಿಸಿ ಉತ್ತರ ಹೇಳುತ್ತಾರೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಮದನಿಕೆಯರ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಹೆಸರು ಕೊರೆದಿದ್ದಾರೆ, ಎದುರಾಳಿ ಶಿಲ್ಪಿಗಳನ್ನು ಗೆದ್ದವರೆಂದು ಬಿರುದೂ ಕೊರೆದಿದ್ದಾರೆ. “ದಾಸೋಜ ಹೆಂಡತಿಗೆ ಹೊಡೆಯುತ್ತಿದ್ದನೋ ಏನೋ, ಯಾರು ಕೇಳುತ್ತಾರೆ? ದರ್ಪಣಸುಂದರಿಯ ಅಂದಕ್ಕೆ ಕುಂದುಂಟೇ?” ಎಂಬುದು ಅವರ ಪ್ರಶ್ನೆ. ಕುಂದಿಲ್ಲ, ಒಪ್ಪಿದೆ. ಆದರೆ ಇದು ಬೇರ್ಪಡಿಸಿದ್ದರ ಫಲವಲ್ಲ, ತಿಳಿಯದಿರುವುದರ ಫಲ. ಒಂಬತ್ತು ಶತಮಾನ ಕಳೆದ ಮೇಲೆ ದಾಸೋಜನಿಂದ ನೊಂದವರು ಯಾರೂ ನ್ಯಾಯ ಕೇಳಲು ಉಳಿದಿಲ್ಲ. ದಾಸೋಜನ ಹೆಸರಿನಲ್ಲಿ ನಿವೇಶನ, ಭವನ, ಅಧ್ಯಕ್ಷ ಪದವಿ ಕೇಳುವವರೂ ಇಲ್ಲ. ಇಂದಿನ ಲೇಖಕನಿಗೆ ದಾಸೋಜನ ಮಾಫಿ ಬೇಕಾದರೆ ಅವನು ಒಂಬೈನೂರು ವರ್ಷ ಕಾಯಲಿ, ಅಥವಾ ದಾಸೋಜನಂತೆ ಕಲ್ಲಿನ ಬುಡದಲ್ಲಿ ಒಂದು ಸಾಲು ಬರೆದು ಸುಮ್ಮನಿರಲಿ.

ನನ್ನ ಬೇಡಿಕೆಯನ್ನು ನನ್ನ ಕಸುಬಿನಿಂದಲೇ ತೊಡಗಿಸುತ್ತೇನೆ. ಪಠ್ಯಪುಸ್ತಕಗಳಲ್ಲಿ ಪ್ರತಿ ಪಾಠದ ಜೊತೆಗೆ ಕವಿ ಪರಿಚಯ, ಲೇಖಕ ಪರಿಚಯ ಎಂಬುದೊಂದಿರುತ್ತದೆ. ಹುಟ್ಟಿದ ಊರು, ಕೃತಿಗಳು, ಪ್ರಶಸ್ತಿಗಳು. ಅದರ ಬೆನ್ನಿಗೆ ಸರಳ ಸಜ್ಜನರು, ಮಾನವತಾವಾದಿಗಳು, ಆದರ್ಶ ವ್ಯಕ್ತಿತ್ವದವರು ಎಂಬ ವಿಶೇಷಣಗಳ ಮೆರವಣಿಗೆ. ಇದನ್ನು ಬರೆದವರು ಲೇಖಕರ ಮನೆಯವರನ್ನಾಗಲಿ, ಅವರ ಕೈಕೆಳಗೆ ದುಡಿದವರನ್ನಾಗಲಿ ವಿಚಾರಿಸಿರುವುದಿಲ್ಲ. ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಕಾರುತ್ತಾರೆ, ನಾವು ಕೆಂಪು ಶಾಯಿಯಲ್ಲಿ ಅಂಕ ಹಾಕುತ್ತೇವೆ. ಕಥೆಯನ್ನು ಮೆಚ್ಚಿದರೆ ಮನುಷ್ಯನನ್ನೂ ಮೆಚ್ಚಬೇಕೆಂಬ ಪಾಠ ಅಲ್ಲಿಂದಲೇ ಆರಂಭ. ಮುಂದೆ ಮನುಷ್ಯ ಕೆಟ್ಟನೆಂದು ತಿಳಿದಾಗ ಕಥೆಯನ್ನೂ ಎಸೆಯುವವರು ಇದೇ ಮಕ್ಕಳು. ಮುಂದಿನ ಸಲ ಪಠ್ಯ ಸಮಿತಿ ಸಭೆ ಸೇರಿದಾಗ ಯಾವ ಲೇಖಕರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂದು ಎಂದಿನಂತೆ ಜಗಳವಾಡಲಿ, ಬೇಡವೆನ್ನುವುದಿಲ್ಲ. ಪಾಠಗಳನ್ನು ಉಳಿಸಿ, ಆ ವಿಶೇಷಣಗಳ ಮೇಲೆ ಗೀಟು ಎಳೆಯುವುದಕ್ಕೆ ಒಂದು ದಿನದ ಬೈಠಕ್ಕು ಸಾಕು, ಪ್ರಯಾಣಭತ್ಯೆಯೂ ಉಳಿಯುತ್ತದೆ.